ಮೊದಲು ಅಳತೆ, ಆಮೇಲೆ ಪಾಯ

2019ರ ಆಗಸ್ಟ್‌ನಲ್ಲಿ ಮೃತ್ಯುಂಜಯ ಹೊಳೆ ಎಂಥ ಅವತಾರ ತಾಳಿತ್ತು ಎಂಬುದನ್ನು ಮುಂಡಾಜೆ, ಚಾರ್ಮಾಡಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಘಟ್ಟದಲ್ಲಿ ಗುಡ್ಡ ಜಾರಿತು, ಮಣ್ಣು-ಮರ ಸಮೇತ ನೀರು ತೋಟಕ್ಕೆ ನುಗ್ಗಿತು. ಇಂಥ ನೆಲದಲ್ಲಿ ಕಟ್ಟಡದ ಪರವಾನಿಗೆಯನ್ನು ಸ್ವಲ್ಪ ಕಾಲ ತಡೆದು, ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಅಂತ ಮೊದಲು ಗೊತ್ತುಮಾಡಬೇಡವೇ? ಈ ಪ್ರಶ್ನೆ ಎದ್ದಾಗ ನೆನಪಾಗಬೇಕಾದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಕನ್ನಂಬಾಡಿ ಕಟ್ಟೆಯ ಕತೆ ಮಕ್ಕಳಿಗೂ ಗೊತ್ತು. ಮೂಸಿ ಹೊಳೆಯ ಕತೆ ಬಲ್ಲವರು ಕಡಿಮೆ.

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಹೋದರು. ಬೆಂಗಳೂರಿನಲ್ಲಿ ಬೇರೆ ಮಕ್ಕಳಿಗೆ ಪಾಠ ಹೇಳಿ, ಆ ದುಡ್ಡಿನಲ್ಲಿ ತಾನು ಓದಿದ. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬೈ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದ. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆದುಕೊಳ್ಳುವ ಬಾಗಿಲು ಕೂರಿಸಿದಾಗ ದೇಶವೇ ತಿರುಗಿ ನೋಡಿತು. 1908ರಲ್ಲಿ ವಿಶ್ವೇಶ್ವರಯ್ಯ ತಾವಾಗಿಯೇ ಆ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ಹೊಳೆ ಉಕ್ಕಿತು. ಸಾವಿರಾರು ಜನ ಸತ್ತರು, ಪೇಟೆಯ ಕೇರಿಗಳು ಗುಡಿಸಿದಂತೆ ಕೊಚ್ಚಿಹೋದವು. ನಿಜಾಮರ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರ ಏಪ್ರಿಲ್‌ನಲ್ಲಿ ಅವರು ಬಂದವರೇ ಮಳೆ ಎಷ್ಟು ಬಿತ್ತು, ನೀರು ಎಲ್ಲಿಂದ ಬಂತು, ಮೇಲಿನ ಕೆರೆಗಳಲ್ಲಿ ಎಷ್ಟು ಒಡೆದವು ಅಂತ ಲೆಕ್ಕ ಹಿಡಿದರು. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಅಕ್ಟೋಬರ್ ಹೊತ್ತಿಗೆ ವರದಿ ತಯಾರು. ಪಟ್ಟಣದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಬೇಕು, ಹೊಳೆಯಂಚಿನ ನೆಲವನ್ನು ರಸ್ತೆಗೂ ಉದ್ಯಾನಕ್ಕೂ ಬಿಡಬೇಕು ಎಂಬುದು ಅದರ ಸಾರ. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಆಮೇಲಿನದು ಗೊತ್ತಿರುವ ಕತೆ. 1909ರಲ್ಲೇ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರ ತನಕ ದಿವಾನರು, 1955ರಲ್ಲಿ ಭಾರತರತ್ನ. ನೂರು ದಾಟಿ ಬಾಳಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಮೂಸಿಯ ಕತೆ ನಿಲ್ಲಲಿಲ್ಲ. ಆ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ಒಳಗೆ ದೊಡ್ಡ ಕಟ್ಟಡ, ಕಾರ್ಖಾನೆ ಬೇಡವೆಂದು 1996ರಲ್ಲಿ ಸರಕಾರ 111ನೇ ಆದೇಶ ಹೊರಡಿಸಿತು. ಅಲ್ಲಿನ ರೈತರು ಜಾಗಕ್ಕೆ ಬೆಲೆಯೇ ಇಲ್ಲವಾಯಿತೆಂದು ಗೋಳಾಡಿದರು. 2022ರಲ್ಲಿ ಸರಕಾರ ಆ ನಿರ್ಬಂಧವನ್ನು ತೆಗೆಯಿತು. ತಡೆ ಹಾಕುವುದು ಸುಲಭ. ತಡೆ ಹಾಕಿ ಕಾಯಿಸುವುದು ಬಡವನ ಹೊಟ್ಟೆಗೆ ಹೊಡೆದಂತೆ.

ನಮ್ಮಲ್ಲೂ ಇದೇ ಗೋಳು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಮೊದಲ ಕರಡು ಬಂದದ್ದು 2014ರಲ್ಲಿ, ಆರನೆಯದು 2024ರ ಜುಲೈಯಲ್ಲಿ. ಪಟ್ಟಿಯಲ್ಲಿ ಬೆಳ್ತಂಗಡಿ ತಾಲೂಕಿನ ಹಲವು ಗ್ರಾಮಗಳೂ ಇವೆ. ಅದು ತಡೆಯುವುದು ಗಣಿ, ಕಲ್ಲುಕೋರೆ, ಮರಳು, 20,000 ಚದರ ಮೀಟರಿನಿಂದ ಮೇಲಿನ ಕಟ್ಟಡಗಳನ್ನು. ಬಡವನ ಸಣ್ಣ ಮನೆಯನ್ನಲ್ಲ. ಆದರೂ ಮನೆ ಕಟ್ಟಲೂ ಬಿಡುವುದಿಲ್ಲವಂತೆ ಎಂಬ ಭಯ ಊರೂರಲ್ಲಿ ಹಬ್ಬಿತು. ಕೂತು ವಿವರಿಸಿದವರು ಕಡಿಮೆ.

ಒಂದು ಹೊಳೆಯ ಲೆಕ್ಕ ಮುಗಿಸಲು ವಿಶ್ವೇಶ್ವರಯ್ಯನವರಿಗೆ ಸುಮಾರು ಆರು ತಿಂಗಳು ಸಾಕಾಯಿತು. ಆಗ ಉಪಗ್ರಹ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಪರವಾನಿಗೆ ತಡೆಯುವುದಾದರೆ ತಡೆಯಲಿ. ಆದರೆ ಆ ದಿನವೇ ಅಳತೆಯ ಸರಪಳಿ ಹಿಡಿದು ಹೊಳೆಬದಿಗೆ ಇಳಿಯಲಿ, ಮುಗಿಸುವ ತಾರೀಕನ್ನೂ ಹೇಳಲಿ. ಇಲ್ಲವಾದರೆ ಅದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕತೆಯೇ ಆದೀತು.