ಊರೂರಿಗೆ ಕಥೆ ಹೊತ್ತು ನಡೆದ ಗಳಗನಾಥರು

ಹಾವೇರಿ: ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸಂಗಮದ ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಆ ದೇವರ ಹೆಸರನ್ನೇ ಪಡೆದಿರುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ನಾಡು ಅವರ ಊರಿನ ಹೆಸರಿನಿಂದಲೇ ಗುರುತಿಸಿತು. ಕನ್ನಡ ಕಾದಂಬರಿಯ ಪಿತಾಮಹ ಎಂಬ ಗೌರವ ಅವರಿಗೆ ಸಂದಿದೆ. ಆದರೆ ಕಾದಂಬರಿ ಬರೆಯುವುದಕ್ಕಿಂತ ಕಠಿಣವಾದ ಇನ್ನೊಂದು ಕಾರ್ಯವನ್ನೂ ಅವರು ಮಾಡಿದರು. ಕಾಸು ಕೊಟ್ಟು ಕನ್ನಡ ಓದುವ ವಾಚಕರನ್ನು ಅವರು ಹಳ್ಳಿಗಳಲ್ಲಿ ಸಿದ್ಧಗೊಳಿಸಿದರು.

ಅಂದಿನ ಪರಿಸ್ಥಿತಿ ಅದಕ್ಕೆ ಅನುಕೂಲವಾಗಿರಲಿಲ್ಲ. 1997ರಲ್ಲಿ ಹಾವೇರಿ ಜಿಲ್ಲೆಯಾದ ಈ ಭಾಗವು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾನಗಲ್ಲ ಒಂದು ತಾಲ್ಲೂಕು. ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನ ಕೇಂದ್ರ. ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರ. ಸವಣೂರು ನವಾಬರ ಪ್ರತ್ಯೇಕ ಸಂಸ್ಥಾನ. ಮನೆಮಾತು ಕನ್ನಡವಾಗಿದ್ದರೂ ಅಕ್ಷರಸ್ಥರಲ್ಲಿ ಅನೇಕರು ಮರಾಠಿ ಪುಸ್ತಕಗಳನ್ನೇ ಓದುತ್ತಿದ್ದರು. ಈ ಕೊರತೆಯನ್ನು ನೀಗಿಸಲೆಂದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿಕೊಂಡಿತು.

ಶಿಕ್ಷಕ ವೃತ್ತಿಯಲ್ಲಿದ್ದ ಗಳಗನಾಥರು ಆ ಸಂಘದ ಪ್ರೋತ್ಸಾಹದಿಂದಲೇ ಕಾದಂಬರಿ ಕ್ಷೇತ್ರಕ್ಕೆ ಕಾಲಿಟ್ಟರು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಹೊರಬಂದಿತು. ಅವರ ಬದುಕಿಗೆ ನಿಜವಾದ ತಿರುವು ದೊರೆತದ್ದು ಮಾತ್ರ 1907ರಲ್ಲಿ. ಹಾವೇರಿ ಸಮೀಪದ ಅಗಡಿಯ ಆನಂದವನದಲ್ಲಿ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಹೊಣೆ ಅವರ ಹೆಗಲೇರಿತು.

ಆಶ್ರಮದ ಪತ್ರಿಕೆಯ ಉದ್ದೇಶ ಸದ್ಬೋಧೆ. ಓದುಗರು ಬಯಸುತ್ತಿದ್ದುದು ರೋಚಕ ಕಥೆ. ಗಳಗನಾಥರು ಈ ಎರಡನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸಿದರು. ಕತ್ತಿವರಸೆ, ಕೋಟೆಯ ಮುತ್ತಿಗೆ, ಗುಪ್ತಚಾರರ ಸಂಚು, ಅಗಲಿದ ಪ್ರೇಮಿಗಳ ಸಂಕಟ ಇವೆಲ್ಲವೂ ಅವರ ಕಥನದಲ್ಲಿ ಧಾರಾಳವಾಗಿ ಬಂದವು. ಆದರೆ ಶೌರ್ಯ ಧರ್ಮಕ್ಕೆ ಅಧೀನವಾಗಿರಬೇಕು, ಪ್ರೇಮ ಶೀಲದ ಮೇರೆ ಮೀರಬಾರದು ಎಂಬುದು ಅವರ ಕಟ್ಟಳೆ. ಮನೆಯ ಹಿರಿಯರು ಅಳುಕಿಲ್ಲದೆ ಹೆಣ್ಣುಮಕ್ಕಳ ಕೈಗೆ ಕೊಡಬಹುದಾದ ಕಾದಂಬರಿ ಹೀಗೆ ರೂಪುಗೊಂಡಿತು. ಕಂತು ಕಂತಾಗಿ ಬರುವ ಕಥೆ ಮುಂದಿನ ತಿಂಗಳ ಸಂಚಿಕೆಗಾಗಿ ಕಾಯುವ ಅಭ್ಯಾಸವನ್ನೂ ಬೆಳೆಸಿತು. ಹುಬ್ಬಳ್ಳಿ–ಹರಿಹರ ರೈಲು ಮಾರ್ಗದಿಂದ ದೂರವುಳಿದ ಹಾನಗಲ್ಲ, ಹಿರೇಕೆರೂರುಗಳಂಥ ಊರುಗಳ ಓದುಗರಿಗೆ ಅಂಚೆಯವನೇ ಕಥೆಯ ದೂತ.

ಅವರ ಕೃತಿಗಳಲ್ಲಿ ಹಲವು ಸ್ವತಂತ್ರವಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳು ಅವರಿಗೆ ದೊಡ್ಡ ಆಸರೆಯಾಗಿದ್ದವು. ವಿಜಯನಗರದ ಪತನವನ್ನು ವಸ್ತುವಾಗುಳ್ಳ ‘ಕನ್ನಡಿಗರ ಕರ್ಮಕಥೆ’ ಆಪಟೆಯವರ ‘ವಜ್ರಾಘಾತ’ವನ್ನು ಆಧರಿಸಿದ್ದು. ರಾಮರಾಯನ ತಾರುಣ್ಯದ ಪ್ರೇಮವು ಮುಂದೆ ವೈರವಾಗಿ ತಿರುಗಿ, 1565ರ ಯುದ್ಧದಲ್ಲಿ ಸಾಮ್ರಾಜ್ಯವನ್ನೇ ನುಂಗುವ ಕಲ್ಪಿತ ಕಥೆ ಅದರಲ್ಲಿದೆ. ಇತಿಹಾಸದ ಆಧಾರ ಅದಕ್ಕೆ ತೆಳುವಾದರೂ, ಮುಂಬಯಿ ಪ್ರಾಂತದ ಮೂಲೆಯಲ್ಲಿದ್ದ ಓದುಗನಿಗೆ ತನ್ನವರದೂ ಒಂದು ದೊಡ್ಡ ರಾಜ್ಯವಾಗಿತ್ತೆಂಬ ಅರಿವನ್ನು ಅದು ಮೂಡಿಸಿತು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ದ ಮೂಲಕ ಇತಿಹಾಸದ ದಾರಿಯಲ್ಲಿ ಮಾಡಿದ ಕೆಲಸವನ್ನು ಗಳಗನಾಥರು ಕಥೆಯ ದಾರಿಯಲ್ಲಿ ಮಾಡಿದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ದಲ್ಲಿ ಅವರು ಪರಭಾಷೆಯ ಆಸರೆಯನ್ನು ಬಿಟ್ಟು ಸ್ವಂತ ಕಾಲ ಮೇಲೆ ನಿಂತರು.

ಅಗಡಿಯ ಪತ್ರಿಕೆಯಿಂದ ಹೊರಬಂದ ನಂತರ ಹಾವೇರಿಯಲ್ಲಿ ‘ಸದ್ಗುರು’ ಎಂಬ ತಮ್ಮದೇ ಮಾಸಪತ್ರಿಕೆಯನ್ನು ನಡೆಸಿದರು. ಬರೆಯುವುದು, ಅಚ್ಚಿಗೆ ಸಿದ್ಧಪಡಿಸುವುದು, ಮಾರುವುದು ಎಲ್ಲವೂ ಅವರದೇ. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಅವರ ಚಿತ್ರ ಈ ಭಾಗದ ಜನರ ನೆನಪಿನಲ್ಲಿ ಇಂದಿಗೂ ಉಳಿದಿದೆ. ಗ್ರಂಥಕರ್ತನು ಹೊರೆಯಾಳಿನಂತೆ ಮನೆ ಬಾಗಿಲಿಗೆ ಬಂದು ನಿಲ್ಲುವುದು ಅಂದಿನ ಸಮಾಜದಲ್ಲಿ ಮಾನದ ಸಂಗತಿಯಾಗಿರಲಿಲ್ಲ. ಅವರು ಅದನ್ನು ಲೆಕ್ಕಿಸಲಿಲ್ಲ.

ಆ ದುಡಿಮೆ ಅವರಿಗೆ ಸಿರಿಯನ್ನು ತರಲಿಲ್ಲ. ಬಾಳಿನ ಕೊನೆಯವರೆಗೂ ಬಡತನ ಅವರ ಬೆನ್ನು ಬಿಡಲಿಲ್ಲ. 1942ರಲ್ಲಿ ಅವರು ನಿಧನರಾದಾಗ ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ. ಅದಕ್ಕೆ ಇನ್ನೂ ಹದಿನಾಲ್ಕು ವರ್ಷ ಬೇಕಿತ್ತು.

ಗಳಗನಾಥರ ಶೈಲಿ ಇಂದಿನ ಓದುಗರಿಗೆ ಹಳತೆನಿಸಬಹುದು. ಕಥೆಯ ನಡುವೆ ನಿಂತು ನೀತಿ ಹೇಳುವ ಪರಿ ದೀರ್ಘವೆನಿಸಬಹುದು. ಆದರೆ 2023ರ ಜನವರಿಯಲ್ಲಿ ಹಾವೇರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ಪುಸ್ತಕ ಮಳಿಗೆಗಳ ಮುಂದೆ ಜನ ನಿಂತ ನೆಲ, ಶತಮಾನದ ಹಿಂದೆ ಒಬ್ಬ ಲೇಖಕ ಗಂಟು ಹೊತ್ತು ಓದುಗರನ್ನು ಅರಸಿ ನಡೆದ ನೆಲವೇ ಆಗಿತ್ತು.