ಹಂದಿ ಕದ್ದವನ ಕೈಗೆ ಬಂದ ಚಿಪ್

ಎಂಟನೇ ಕ್ಲಾಸಿನ ಮಕ್ಕಳಿಗೆ ನಾಲ್ಕನೇ ತಲೆಮಾರಿನ ಕಂಪ್ಯೂಟರ್ ಬಗ್ಗೆ ಹೇಳಬೇಕಿತ್ತು. ಮೊದಲು ಪಿಪಿಟಿ ಮಾಡಿದ್ವಿ. ವ್ಯಾಕ್ಯೂಮ್ ಟ್ಯೂಬ್, ಟ್ರಾನ್ಸಿಸ್ಟರ್, ಐಸಿ, ಮೈಕ್ರೊಪ್ರೊಸೆಸರ್. ನಮಗೇ ನಿದ್ದೆ ಬಂತು. ಅದನ್ನ ಬದಿಗಿಟ್ಟು ಒಬ್ಬ ಮನುಷ್ಯನ ಕತೆ ಹೇಳೋಣ ಅಂದ್ಕೊಂಡ್ವಿ. ಅವನೇ ರಾಬರ್ಟ್ ನಾಯ್ಸ್.

ಹುಟ್ಟಿದ್ದು 1927ರಲ್ಲಿ, ಅಮೆರಿಕದ ಅಯೋವಾದಲ್ಲಿ. ಅಪ್ಪ ಪಾದ್ರಿ. ಗ್ರಿನೆಲ್ ಕಾಲೇಜಲ್ಲಿ ಓದುವಾಗ, 1948ರಲ್ಲಿ, ಹಾಸ್ಟೆಲ್ ಪಾರ್ಟಿಗೆ ಅಂತ ಒಂದು ಹಂದಿಮರಿ ಕದ್ದ. ಕದ್ದದ್ದು ಊರಿನ ಮೇಯರ್ ತೋಟದಿಂದ! ಮರುದಿನ ತಾನೇ ಹೋಗಿ ತಪ್ಪೊಪ್ಪಿಕೊಂಡು ದುಡ್ಡು ಕೊಡ್ತೀನಿ ಅಂದ. ಆದ್ರೆ ಹಂದಿ ಸಾಕಿ ಬದುಕೋ ಸೀಮೇಲಿ ಅದು ತಮಾಷೆ ವಿಷಯ ಆಗಿರಲಿಲ್ಲ. ಡಿಬಾರ್ ಆಗೋದ್ರಲ್ಲಿದ್ದ. ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್ ಮತ್ತು ಕಾಲೇಜಿನ ಅಧ್ಯಕ್ಷರು ಅಡ್ಡ ಬಂದಿದ್ದಕ್ಕೆ ಒಂದು ಸೆಮಿಸ್ಟರ್ ಸಸ್ಪೆನ್ಷನ್‌ನಲ್ಲಿ ಮುಗೀತು. ಆಗಷ್ಟೇ ಬಂದಿದ್ದ ಟ್ರಾನ್ಸಿಸ್ಟರ್ ಬಗ್ಗೆ ಅವನಿಗೆ ಹುಚ್ಚು ಹಿಡಿಸಿದ್ದೂ ಇದೇ ಗೇಲ್ ಮೇಷ್ಟ್ರು.

ಇದನ್ನ ಮಕ್ಕಳಿಗೆ ಹೇಳೋದಾ ಬೇಡ್ವಾ ಅಂತ ನಮ್ಮಲ್ಲೇ ಜಗಳ ಆಯ್ತು. ಬ್ಯಾಕ್‌ಲಾಗ್ ಇದ್ದವರೆಲ್ಲ ಹೇಳೋಣ ಅಂದ್ರು. ಅವರದೇ ಬಹುಮತ.

1953ರಲ್ಲಿ ಎಂಐಟಿಯಿಂದ ಡಾಕ್ಟರೇಟ್. ಆಮೇಲೆ ಶಾಕ್ಲಿ ಹತ್ತಿರ ಕೆಲಸ. ಆ ಬಾಸ್ ಜೊತೆ ಏಗೋಕಾಗದೆ 1957ರಲ್ಲಿ ಎಂಟು ಜನ ಒಟ್ಟಿಗೆ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಶುರುಮಾಡಿದ್ರು. ಅಲ್ಲೇ 1959ರಲ್ಲಿ ನಾಯ್ಸ್‌ಗೆ ಹೊಳೆದದ್ದು ಇದು: ಒಂದೇ ಸಿಲಿಕಾನ್ ತುಂಡಿನಲ್ಲಿ ಎಲ್ಲ ಭಾಗಗಳನ್ನೂ ಮಾಡಿ, ಮೇಲಿನ ಆಕ್ಸೈಡ್ ಪದರದ ಮೇಲೆ ಲೋಹದ ಗೆರೆ ಎಳೆದು ಜೋಡಿಸಿದ್ರೆ ವೈರು ಬೆಸೆಯೋ ಕಾಟವೇ ಇಲ್ಲ. ಜಾಕ್ ಕಿಲ್ಬಿ ಒಂದು ವರ್ಷ ಮೊದಲೇ ಜರ್ಮೇನಿಯಂನಲ್ಲಿ ಐಸಿ ಮಾಡಿದ್ದ, ಆದ್ರೆ ಅದರಲ್ಲಿ ಸಣ್ಣ ತಂತಿಗಳು ನೇತಾಡ್ತಿದ್ವು.

1968ರಲ್ಲಿ ಗಾರ್ಡನ್ ಮೂರ್ ಜೊತೆ ಇಂಟೆಲ್. ಮಾರನೇ ವರ್ಷ ಜಪಾನಿನ ಬಿಸಿಕಾಂ ಕಂಪನಿ ಕ್ಯಾಲ್ಕುಲೇಟರ್‌ಗೆ ಒಂದು ರಾಶಿ ಬೇರೆಬೇರೆ ಚಿಪ್ ಕೇಳ್ತು. ಟೆಡ್ ಹಾಫ್ ಹೇಳಿದ್ದು, ಎಲ್ಲಕ್ಕೂ ಒಂದೇ ಚಿಪ್ ಇರಲಿ, ಕೆಲಸ ಬದಲಾದಂಗೆ ಪ್ರೋಗ್ರಾಂ ಬದಲಾಯಿಸೋಣ ಅಂತ. ನಾಯ್ಸ್ ಬಾಸ್ ಆಗಿದ್ದ, ಬೇಡ ಅನ್ನಬಹುದಿತ್ತು, ಮುಂದುವರಿಸು ಅಂದ. ಫೆಡೆರಿಕೊ ಫಾಜಿನ್, ಬಿಸಿಕಾಂನ ಮಸತೋಶಿ ಶಿಮಾ ಎಲ್ಲ ಸೇರಿ ಮಾಡಿದ ಆ 4004 ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಉಗುರಿಗಿಂತ ಚಿಕ್ಕ ತುಂಡು, 2300 ಟ್ರಾನ್ಸಿಸ್ಟರ್. ನಾಲ್ಕನೇ ತಲೆಮಾರು ಅಂದ್ರೆ ಇಷ್ಟೇ, ಕಂಪ್ಯೂಟರಿನ ಇಡೀ ಸಿಪಿಯು ಒಂದೇ ಚಿಪ್‌ಗೆ ಬಂದು ಕೂತದ್ದು.

ನಾಯ್ಸ್ 1990ರಲ್ಲಿ, 62ನೇ ವಯಸ್ಸಿಗೆ, ಹಾರ್ಟ್ ಅಟ್ಯಾಕ್‌ನಿಂದ ತೀರಿಹೋದ. ಐಸಿಗೆ ನೊಬೆಲ್ ಬಂದದ್ದು 2000ದಲ್ಲಿ, ಕಿಲ್ಬಿಗೆ.

ಮಕ್ಕಳು ಕೇಳಿದ ಮೊದಲ ಪ್ರಶ್ನೆ: ಹಂದಿ ಏನಾಯ್ತು? ಪಾರ್ಟಿ ಮುಗಿದಿತ್ತು ಅಂತ ಹೇಳಿದ್ವಿ.