ತಾಯಿಯ ಪ್ರೀತಿ ಸಾಲದಿದ್ದರೆ ಮಗುವಿಗೆ ಆಟಿಸಂ ಬರುತ್ತದೆಯೇ? ಈ ಆರೋಪದ ಹಿಂದಿರುವ ವೈದ್ಯರ ಕಥೆ

ತಾಯಿ ಕೆಲಸಕ್ಕೆ ಹೋದಳು, ಮಗುವನ್ನು ಎತ್ತಿ ಮುದ್ದಾಡಲಿಲ್ಲ, ಅದಕ್ಕೇ ಆಟಿಸಂ ಬಂತು. ಇಂಥ ಮಾತನ್ನು ನೀವು ನೆಂಟರ ಬಾಯಲ್ಲೋ ವಾಟ್ಸಾಪ್ ಗ್ರೂಪಿನಲ್ಲೋ ಕೇಳಿರಬಹುದು. ಇದು ಸುಳ್ಳು. ಆದರೆ ಇದರ ಬೇರು ಇರುವುದು ಅಡ್ಡಗೋಡೆಯ ಮೇಲಿನ ಹರಟೆಯಲ್ಲಲ್ಲ, ಆಟಿಸಂ ಅನ್ನು ವೈದ್ಯಲೋಕಕ್ಕೆ ಪರಿಚಯಿಸಿದ ವೈದ್ಯರ ಬರಹದಲ್ಲೇ. ಅವರೇ ಲಿಯೊ ಕ್ಯಾನರ್. ಬನ್ನಿ, ಅವರ ಬದುಕನ್ನು ನೋಡೋಣ.

ಯಾರು ಈ ಕ್ಯಾನರ್?

ಈಗ ಉಕ್ರೇನ್‌ಗೆ ಸೇರಿರುವ ಒಂದು ಹಳ್ಳಿಯಲ್ಲಿ, ಯಹೂದಿ ಮನೆತನದಲ್ಲಿ 1894ರಲ್ಲಿ ಹುಟ್ಟಿದ ಕ್ಯಾನರ್, ಬರ್ಲಿನ್‌ನಲ್ಲಿ ವೈದ್ಯಶಾಸ್ತ್ರ ಓದಿ 1924ರಲ್ಲಿ ಅಮೆರಿಕಕ್ಕೆ ಹೋದರು. 1930ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ಕ್ಲಿನಿಕ್ ಆರಂಭಿಸಿದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಅನೇಕ ವೈದ್ಯರಿಗೆ ನೆಲೆ ಸಿಗಲು ನೆರವಾದರು.

1938ರಲ್ಲಿ ಮಿಸಿಸಿಪ್ಪಿಯಿಂದ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಐದು ವರ್ಷದ ಹುಡುಗ ಅವರ ಬಳಿಗೆ ಬಂದ. ಅದಕ್ಕೂ ಮೊದಲೇ ಅವನ ತಂದೆ 33 ಪುಟಗಳ ಪತ್ರ ಬರೆದು ಮಗನ ನಡವಳಿಕೆಯನ್ನೆಲ್ಲ ವಿವರಿಸಿದ್ದರು. ಡೊನಾಲ್ಡ್ ಸೇರಿ 11 ಮಕ್ಕಳ ಬಗ್ಗೆ ಕ್ಯಾನರ್ 1943ರಲ್ಲಿ ಪ್ರಬಂಧ ಪ್ರಕಟಿಸಿದರು.

ಕೈ ಕಾಣುತ್ತದೆ, ಕೈಯವರು ಕಾಣುವುದಿಲ್ಲ

ಕೈಯಲ್ಲಿದ್ದದ್ದನ್ನು ಕೆಳಗಿಡು ಎಂದರೆ ಡೊನಾಲ್ಡ್ ನೇರವಾಗಿ ನೆಲದ ಮೇಲೇ ಇಡುತ್ತಿದ್ದ. ಆಟದ ಸಾಮಾನು ಕಿತ್ತುಕೊಂಡರೆ ಈ ಮಕ್ಕಳ ಸಿಟ್ಟು ಕಿತ್ತುಕೊಂಡ ಕೈಯ ಮೇಲೆ. ಆ ಕೈ ಯಾರದು ಎಂದು ಮುಖ ನೋಡುತ್ತಿರಲಿಲ್ಲ. ಪಿನ್ ಚುಚ್ಚಿದರೆ ಹೆದರಿಕೆ ಪಿನ್ನಿಗೆ, ಚುಚ್ಚಿದವರಿಗಲ್ಲ. ಅಂದರೆ ನಡೆದ ಕೆಲಸ ಕಾಣುತ್ತದೆ, ಅದರ ಹಿಂದಿನ ಉದ್ದೇಶ ಸುಲಭವಾಗಿ ಕಾಣುವುದಿಲ್ಲ ಎಂಬುದು ಕ್ಯಾನರ್ ಗ್ರಹಿಕೆ. ಇದು ಹುಟ್ಟಿನಿಂದಲೇ ಬಂದದ್ದು ಎಂದೂ ಅವರು ಅದೇ ಪ್ರಬಂಧದಲ್ಲಿ ಬರೆದರು.

ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇತ್ತು: ಈ ಮಕ್ಕಳ ತಂದೆತಾಯಂದಿರಲ್ಲಿ ಮಮತೆ ತುಂಬಿದವರು ಕಡಿಮೆ. ಡೊನಾಲ್ಡ್ ತಂದೆಯ ಪತ್ರವೂ ಅವರಿಗೆ ಸಣ್ಣಪುಟ್ಟ ವಿವರಗಳ ಗೀಳಿನಂತೆ ಕಂಡಿತು. 1949ರ ಹೊತ್ತಿಗೆ ಅವರು ಈ ಮಕ್ಕಳು ಫ್ರಿಜ್‌ನಲ್ಲಿ ಬೆಳೆದಂತೆ ಬೆಳೆದವರು ಎಂಬ ಹೋಲಿಕೆ ಕೊಟ್ಟರು. 1960ರಲ್ಲಿ ಟೈಮ್ ಪತ್ರಿಕೆ ಈ ಮಾತನ್ನು ಮನೆಮನೆಗೆ ತಲುಪಿಸಿತು. 1967ರಲ್ಲಿ ಬ್ರೂನೊ ಬೆಟೆಲ್‌ಹೈಮ್ ಪುಸ್ತಕ ಬರೆದು ಆರೋಪವನ್ನು ಇನ್ನಷ್ಟು ಗಟ್ಟಿ ಮಾಡಿದರು.

ಕ್ಯಾನರ್ ಎಡವಿದ್ದೆಲ್ಲಿ?

ಆ ಕಾಲದಲ್ಲಿ ದೂರದ ಬಾಲ್ಟಿಮೋರ್‌ವರೆಗೆ ಬರಲು ಸಾಧ್ಯವಿದ್ದದ್ದು ಹೆಚ್ಚಾಗಿ ಓದಿದ, ಅನುಕೂಲಸ್ಥ ಕುಟುಂಬಗಳಿಗೆ. ವರ್ಷಗಟ್ಟಲೆ ದಣಿದು, ಅಳುಕಿನಿಂದ ಡಾಕ್ಟರ ಮುಂದೆ ಕೂತ ತಾಯಿ ಬಿಗಿಯಾಗಿ ಕಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಖ ನೋಡಿ ಮನಸ್ಸನ್ನು ಊಹಿಸುವುದರಲ್ಲಿ ಸೋತದ್ದು ಇಲ್ಲಿ ಮಕ್ಕಳಲ್ಲ, ವೈದ್ಯರು.

ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪುಸ್ತಕ ಬರೆದು ಈ ವಾದವನ್ನು ಪ್ರಶ್ನಿಸಿದರು. ಇದೇ ತಾಯಂದಿರು ಆಟಿಸಂ ಇಲ್ಲದ ಮಕ್ಕಳನ್ನೂ ಬೆಳೆಸಿದ್ದಾರಲ್ಲ ಎಂಬುದು ಅವರ ವಾದಗಳಲ್ಲೊಂದು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಕ್ಯಾನರ್! 1969ರಲ್ಲಿ ಪೋಷಕರ ಸಮ್ಮೇಳನದಲ್ಲಿ ಅವರು, ತಮ್ಮ ಮಾತನ್ನು ತಪ್ಪಾಗಿ ಹೇಳಲಾಗಿದೆ ಎಂದು ತಿಳಿಸಿ, ತಂದೆತಾಯಂದಿರನ್ನು ಆರೋಪದಿಂದ ಬಿಡುಗಡೆ ಮಾಡುವುದಾಗಿ ಬಹಿರಂಗವಾಗಿ ಹೇಳಿದರು. 1977ರಲ್ಲಿ ಅವಳಿಗಳ ಅಧ್ಯಯನ ಬಂತು. 11 ತದ್ರೂಪಿ ಅವಳಿ ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಇದು ತೋರಿಸಿತು. ಕ್ಯಾನರ್ 1981ರಲ್ಲಿ ತೀರಿಕೊಂಡರು.

ಇಂದು ನಾವು ತಿಳಿಯಬೇಕಾದದ್ದು

ಆಟಿಸಂ ಇರುವವರಿಗೆ ಬೇರೆಯವರ ಉದ್ದೇಶ ಊಹಿಸುವುದು ಕಷ್ಟವಾಗಬಹುದು. ಹಾಗೆಂದು ಅವರಿಗೆ ಕರುಣೆಯಿಲ್ಲ ಎಂದಲ್ಲ. ಅವರ ಮನಸ್ಸನ್ನು ಊಹಿಸುವುದು ನಮಗೂ ಅಷ್ಟೇ ಕಷ್ಟ ಎಂದು ಬ್ರಿಟನ್‌ನ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಸ್ವತಃ ಅವರಿಗೂ ಆಟಿಸಂ ಇದೆ. ಸಿಟಿ ಬಸ್ಸಿನಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡು ಕಿರುಚಿ ಪಕ್ಕದವರನ್ನು ತಳ್ಳಿದರೆ, ಅದು ಕೊಬ್ಬಲ್ಲ, ಹಾರ್ನ್ ಸದ್ದು ತಡೆಯಲಾಗದ ಸಂಕಟ ಇರಬಹುದು. ಆಗ ಎಷ್ಟು ಜನ ತಾಯಿಯ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡುತ್ತೇವೆ?

ಒಂದು ವರ್ಷವಾದರೂ ಮಗು ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸಿ ಏನನ್ನೂ ಕೇಳದಿದ್ದರೆ ಕಾಯಬೇಡಿ, ತಪಾಸಣೆ ಮಾಡಿಸಿ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) ಇದೆ. ಅಲ್ಲಿ ಮಗುವಿನ ಜೊತೆ ತಾಯಿಗೂ ತರಬೇತಿ ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ.

ತಾಯಿಯನ್ನು ದೂರುವ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಗ್ರೂಪಿನಲ್ಲೇ ಅಂಥ ಒಬ್ಬ ತಾಯಿ ಇರಬಹುದು.